ಸರಪಣಿ ಸಡಿಲವಾದಾಗ: ಮೋಟರ್‌ಸೈಕಲ್ಲಿನ ಟೆನ್ಷನರನ್ನು ಬದಲಾಯಿಸುವುದು ಯಾವಾಗ?

ಕಳೆದ ಮಳೆಗಾಲದ ಒಂದು ಸಂಜೆ ನಾವು ಚಿಕ್ಕದೊಂದು ಗ್ಯಾರೇಜಿನ ಬೆಂಚಿನ ಮೇಲೆ ಕುಳಿತು ಮಳೆ ನಿಲ್ಲುವುದನ್ನು ಕಾಯುತ್ತಿದ್ದೆವು. ಅಷ್ಟರಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬನು ಮೋಟರ್‌ಸೈಕಲ್ಲನ್ನು ತಳ್ಳಿಕೊಂಡು ಒಳಗೆ ಬಂದನು. ಗಾಡಿ ಅವನ ತಂದೆಯದು. ಬೆಳಗ್ಗೆ ಅದರ ಮೇಲೆ ಹಾಲಿನ ಕ್ಯಾನು ಡೈರಿಗೆ ಹೋಗುವುದು, ಆಮೇಲೆ ಮಗ ಕಾಲೇಜಿಗೆ ಹೋಗುವನು. ದಾರಿಯ ಏರಿನಲ್ಲಿ ಎಂಜಿನು ಒಮ್ಮೆ ಕಟಕಟನೆ ಸದ್ದುಮಾಡಿ ನಿಂತುಬಿಟ್ಟಿತಂತೆ. ಮೆಕ್ಯಾನಿಕ್ಕನು ಮಾತಿಲ್ಲದೆ ಕಿಕ್ಕರಿನ ಮೇಲೆ ಕಾಲಿಟ್ಟನು. ಎಂದಿನ ಬಿಗುವು ಅದಕ್ಕಿರಲಿಲ್ಲ. ಒತ್ತಿದ ಕೂಡಲೆ ಅದು ಸಲೀಸಾಗಿ ಕೆಳಗಿಳಿಯಿತು.

“ಎಷ್ಟು ದಿನದಿಂದ ಸದ್ದು ಬರ್ತಿತ್ತಪ್ಪ?” ಎಂದು ಅವನು ಕೇಳಿದನು.

“ಮೂರು ತಿಂಗಳಾಯ್ತು ಅಣ್ಣ. ಓಡ್ತಿತ್ತಲ್ಲ ಅಂತ ಸುಮ್ಮನಿದ್ದೆ.”

ಮರುದಿನ ಎಂಜಿನಿನ ತಲೆಭಾಗವನ್ನು ಬಿಚ್ಚಿದಾಗ ಕಂಡುದಿಷ್ಟು: ಎರಡು ಕವಾಟಗಳ ಕಾಂಡಗಳೂ ಬಾಗಿದ್ದುವು, ಪಿಸ್ಟನ್ನಿನ ನೆತ್ತಿಯ ಮೇಲೆ ಚಂದ್ರಕಲೆಯಂತಹ ಗಾಯವಿತ್ತು. ಇಷ್ಟಕ್ಕೆಲ್ಲ ಕಾರಣವಾದುದು ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಬಿಡಿಭಾಗ. ಅದರ ಹೆಸರು ಕ್ಯಾಮ್ ಚೈನ್ ಟೆನ್ಷನರ್. ಆ ಭಾಗ ಮಾಡುವ ಕೆಲಸವೇನು, ಅದು ಸವೆಯುವುದೇಕೆ, ಅದನ್ನು ಬದಲಾಯಿಸಬೇಕಾದ ಹೊತ್ತನ್ನು ಗುರುತಿಸುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕವಾಟಗಳಿಗೆ ಅಪ್ಪಣೆ ಕೊಡುವವರಾರು?

ಜರ್ಮನಿಯ ನಿಕೊಲಾಸ್ ಆಟೋ 1876ರಲ್ಲಿ ರೂಢಿಗೆ ತಂದ ಫೋರ್‌ಸ್ಟ್ರೋಕ್ ಎಂಜಿನಿನ ಕಾರ್ಯಕ್ರಮವನ್ನು ನಮ್ಮ ಓದುಗರು ಪಾಠಗಳಲ್ಲಿ ಓದಿಯೇ ಇರುವರು. ಪಿಸ್ಟನ್ನು ಮೊದಲು ಕೆಳಗಿಳಿದು ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಒಳಗೆಳೆದುಕೊಳ್ಳುವುದು. ಮೇಲೇರಿ ಅದನ್ನು ಅದುಮುವುದು. ಕಿಡಿ ಹಾರಿ ಮಿಶ್ರಣ ಉರಿದಾಗ ಮತ್ತೆ ಕೆಳಕ್ಕೆ ತಳ್ಳಲ್ಪಡುವುದು. ಕೊನೆಯದಾಗಿ ಮೇಲೇರಿ ಉರಿದ ಅನಿಲವನ್ನು ಹೊರಗಟ್ಟುವುದು. ಈ ನಾಲ್ಕು ನಡೆಗಳು ಮುಗಿಯುವಷ್ಟರಲ್ಲಿ ಕ್ರ್ಯಾಂಕ್ ದಂಡ ಎರಡು ಸುತ್ತು ಸುತ್ತಿರುತ್ತದೆ. ಆದರೆ ಒಳಬಾಗಿಲಿನ ಕವಾಟವೂ ಹೊರಬಾಗಿಲಿನ ಕವಾಟವೂ ಈ ಅವಧಿಯಲ್ಲಿ ತಲಾ ಒಂದೇ ಸಲ ತೆರೆದು ಮುಚ್ಚಬೇಕು.

ಕವಾಟಗಳನ್ನು ತೆರೆಯುವುದು ಕ್ಯಾಮ್ ದಂಡದ ಮೇಲಿರುವ ಮೊಟ್ಟೆಯಾಕಾರದ ಉಬ್ಬುಗಳು. ಮುಚ್ಚುವುದು ಬಲವಾದ ಸ್ಪ್ರಿಂಗುಗಳು. ಕ್ರ್ಯಾಂಕ್ ಎರಡು ಸುತ್ತು ಸುತ್ತಿದಾಗ ಕ್ಯಾಮ್ ಒಂದೇ ಸುತ್ತು ಸುತ್ತುವಂತೆ ಇವೆರಡನ್ನೂ ಜೋಡಿಸಬೇಕು. ಕ್ರ್ಯಾಂಕಿನ ಮೇಲೆ 17 ಹಲ್ಲುಗಳ ಚಕ್ರವನ್ನೂ ಕ್ಯಾಮಿನ ಮೇಲೆ 34 ಹಲ್ಲುಗಳ ಚಕ್ರವನ್ನೂ ಇಟ್ಟು ನಡುವೆ ಸರಪಣಿ ಹಾಕಿದರೆ ಲೆಕ್ಕ ಸರಿಹೋಯಿತು.

ಈ ಕೆಲಸದ ವೇಗವನ್ನು ಗಮನಿಸಿರಿ. ನಿಮಿಷಕ್ಕೆ 6,000 ಸುತ್ತು ಎಂದರೆ ಸೆಕೆಂಡಿಗೆ ನೂರು ಸುತ್ತು. ಪ್ರತಿಯೊಂದು ಕವಾಟವೂ ಸೆಕೆಂಡಿಗೆ ಐವತ್ತು ಬಾರಿ ತೆರೆದು ಮುಚ್ಚುವುದು. ಸರಪಣಿಯ 1,700 ಕೊಂಡಿಗಳು ಸೆಕೆಂಡೊಂದರಲ್ಲಿ ಕ್ರ್ಯಾಂಕ್ ಚಕ್ರವನ್ನು ಹಾದುಹೋಗುವುವು. ಸಣ್ಣ ಮೋಟರ್‌ಸೈಕಲ್ಲುಗಳ ಕ್ಯಾಮ್ ಸರಪಣಿಯಲ್ಲಿ ಒಂದು ಕೊಂಡಿಯ ಉದ್ದ ಸಾಮಾನ್ಯವಾಗಿ 6.35 ಮಿ.ಮೀ. ಇರುವುದರಿಂದ, ಸರಪಣಿಯ ವೇಗ ಗಂಟೆಗೆ ಸುಮಾರು 39 ಕಿ.ಮೀ. ಆಗುವುದು! ಗಾಡಿ ಸಿಗ್ನಲಿನಲ್ಲಿ ನಿಂತಿದ್ದಾಗಲೂ ಆ ಸರಪಣಿ ತನ್ನ ಸುರಂಗದೊಳಗೆ ಓಡುತ್ತಲೇ ಇರುತ್ತದೆ.

ಹಳೆಯ ಗಾಡಿಗಳಿಗೆ ಈ ಚಿಂತೆ ಏಕಿರಲಿಲ್ಲ?

ಹಿರಿಯ ತಲೆಮಾರಿನ ಮೆಕ್ಯಾನಿಕ್ಕರನ್ನು ಕೇಳಿದರೆ, ತಮ್ಮ ಎಳೆತನದಲ್ಲಿ ಕ್ಯಾಮ್ ಚೈನಿನ ಸುದ್ದಿಯೇ ಅಪರೂಪವಾಗಿತ್ತೆಂದು ಹೇಳುವರು. ಅದು ಸಹಜ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಗಾಡಿಗಳು ಟೂಸ್ಟ್ರೋಕ್ ಜಾತಿಯವು. ಅವುಗಳಲ್ಲಿ ಪಿಸ್ಟನ್ನೇ ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಮುಚ್ಚಿ ತೆರೆಯುತ್ತಿತ್ತು. ಕ್ಯಾಮ್ ದಂಡವೇ ಇಲ್ಲವೆಂದ ಮೇಲೆ ಅದರ ಸರಪಣಿಯೆಲ್ಲಿಂದ ಬಂದೀತು? 1955ರಿಂದ ಮದ್ರಾಸಿನಲ್ಲಿ ತಯಾರಾಗತೊಡಗಿದ ಬುಲೆಟ್ ಗಾಡಿ ಫೋರ್‌ಸ್ಟ್ರೋಕ್ ಆದರೂ ಅದರ ಕ್ಯಾಮುಗಳು ಕೆಳಗೆ ಕ್ರ್ಯಾಂಕಿನ ಪಕ್ಕದಲ್ಲಿಯೇ ಇದ್ದು ಗೇರುಗಳಿಂದ ತಿರುಗುತ್ತಿದ್ದುವು. ಉದ್ದವಾದ ಕಡ್ಡಿಗಳು ಅವುಗಳ ಚಲನೆಯನ್ನು ಮೇಲಕ್ಕೆ ಮುಟ್ಟಿಸುತ್ತಿದ್ದುವು.

ಉದ್ದನೆಯ ಕಡ್ಡಿಗಳಿಗೆ ತೂಕವುಂಟು. ಎಂಜಿನಿನ ವೇಗ ಹೆಚ್ಚಿದಂತೆಲ್ಲ ಆ ತೂಕವನ್ನು ಮೇಲಕ್ಕೂ ಕೆಳಕ್ಕೂ ಓಡಾಡಿಸುವುದು ಕಷ್ಟವಾಗುತ್ತದೆ. ಕ್ಯಾಮನ್ನೇ ತಲೆಭಾಗಕ್ಕೆ, ಕವಾಟಗಳ ನೆರೆಗೆ, ಒಯ್ದುಬಿಟ್ಟರೆ ಈ ತೊಂದರೆ ನೀಗುವುದು. ನಮ್ಮ ದೇಶದಲ್ಲಿ 1985ರಲ್ಲಿ ಬಂದ ಹೀರೊ ಹೋಂಡಾ ಸಿ.ಡಿ. 100 ಇಂತಹ ರಚನೆಯನ್ನು ಸಾಮಾನ್ಯ ಜನರ ಮನೆಯಂಗಳಕ್ಕೆ ತಂದಿತು. ಇಂದು ನಮ್ಮ ಬೀದಿಗಳಲ್ಲಿ ಓಡುವ ಬಹುಪಾಲು ಮೋಟರ್‌ಸೈಕಲ್ಲುಗಳ ಎಂಜಿನು ಈ ಬಗೆಯದು.

ಆದರೆ ಕ್ಯಾಮು ಮೇಲೇರಿದೊಡನೆ ಇನ್ನೊಂದು ಪ್ರಶ್ನೆ ಎದ್ದಿತು: ಕ್ರ್ಯಾಂಕಿಗೂ ಕ್ಯಾಮಿಗೂ ನಡುವಣ ಗೇಣುದ್ದದ ಅಂತರವನ್ನು ದಾಟುವುದು ಹೇಗೆ? ಇಟಲಿಯ ಡುಕಾಟಿ ಸಂಸ್ಥೆ ಬಹುಕಾಲ ಓರೆಹಲ್ಲಿನ ಗೇರುಗಳುಳ್ಳ ನಿಲುಗಂಬವೊಂದನ್ನು ಬಳಸಿತು. 1979ರ ಪ್ಯಾಂಟಾ ಮಾದರಿಯಲ್ಲಿ ಹಲ್ಲುಗಳುಳ್ಳ ರಬ್ಬರು ಪಟ್ಟಿಗೆ ತಿರುಗಿತು. ಹೋಂಡಾ ಸಂಸ್ಥೆ 1986ರ ವಿ.ಎಫ್.ಆರ್. 750 ಗಾಡಿಯಲ್ಲಿ ಕೆಳಗಿನಿಂದ ಮೇಲಿನವರೆಗೂ ಗೇರುಗಳನ್ನೇ ಜೋಡಿಸಿತು. ಇವೆಲ್ಲ ಚೆನ್ನಾಗಿ ಕೆಲಸ ಮಾಡಿದುವು. ಆದರೆ ಗೇರುಗಳ ಸಾಲಿಗೂ ನಿಲುಗಂಬಕ್ಕೂ ತಗಲುವ ಖರ್ಚು ಹೆಚ್ಚು. ಸರಪಣಿಯಾದರೋ ಅಗ್ಗ, ಹಗುರ, ಇಕ್ಕಟ್ಟಿನಲ್ಲಿಯೂ ಹಿಡಿಸುವಂತಹುದು. ಹೀಗಾಗಿ ಸರಪಣಿಯೇ ಗೆದ್ದಿತು. ಅದರೊಡನೆ ಅದರ ಏಕೈಕ ದೊಡ್ಡ ದೋಷವೂ ಎಂಜಿನಿನೊಳಗೆ ಬಂದು ಕುಳಿತಿತು.

ಸರಪಣಿ ಹಿಗ್ಗುವುದೆ?

ಹಳೆಯ ಸರಪಣಿ ಉದ್ದವಾಗುತ್ತದೆ. ಇದನ್ನು ಸೈಕಲ್ಲು ತುಳಿದವರೆಲ್ಲ ಬಲ್ಲರು. “ಚೈನು ಹಿಗ್ಗಿದೆ” ಎಂದು ಆಡುಮಾತಿನಲ್ಲಿ ಹೇಳುವುದೂ ಉಂಟು. ಆದರೆ ಉಕ್ಕಿನ ಫಲಕಗಳು ರಬ್ಬರಿನಂತೆ ಹಿಗ್ಗುವುದಿಲ್ಲ. ನಿಜವಾಗಿ ನಡೆಯುವುದು ಬೇರೆ.

ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲಸಿದ ಹ್ಯಾನ್ಸ್ ರೆನಾಲ್ಡ್ ಎಂಬವನು 1880ರಲ್ಲಿ ಇಂದಿನ ಸರಪಣಿಗಳ ಮೂಲರೂಪವನ್ನು ರಚಿಸಿದನು. ಅದರಲ್ಲಿ ಪ್ರತಿಯೊಂದು ಕೀಲಿನಲ್ಲಿಯೂ ಒಂದು ಪಿನ್ನು ಮತ್ತು ಆ ಪಿನ್ನನ್ನು ಸುತ್ತುವರಿದ ಒಂದು ಬುಷ್ ಇರುವುವು. ಸರಪಣಿ ಹಲ್ಲುಚಕ್ರವನ್ನು ಹತ್ತುವಾಗ ಕೀಲು ಬಾಗುವುದು, ಇಳಿಯುವಾಗ ನೆಟ್ಟಗಾಗುವುದು. ಹಾಗೆ ಬಾಗಿದಾಗಲೆಲ್ಲ ಪಿನ್ನು ಬುಷ್‌ನೊಳಗೆ ಉಜ್ಜುವುದು. ಸವೆಯುವ ಜಾಗ ಅದು. ಪಿನ್ನು ತೆಳುವಾಗಿ ಬುಷ್ ಅಗಲವಾದಾಗ ಒಂದು ಕೀಲಿನಿಂದ ಇನ್ನೊಂದಕ್ಕಿರುವ ದೂರ ಕೂದಲೆಳೆಯಷ್ಟು ಹೆಚ್ಚುವುದು.

ಒಂದು ಲೆಕ್ಕ ಹಾಕಿ ನೋಡೋಣ. ಸರಪಣಿಯಲ್ಲಿ 90 ಕೊಂಡಿಗಳಿರಲಿ. ಗಾಡಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವಾಗ ಎಂಜಿನು ನಿಮಿಷಕ್ಕೆ 5,000 ಸುತ್ತು ತಿರುಗುವುದೆಂದು ಇಟ್ಟುಕೊಳ್ಳೋಣ. ಆಗ ಕಿಲೋಮೀಟರೊಂದಕ್ಕೆ ಕ್ರ್ಯಾಂಕ್ 6,000 ಸುತ್ತು ಸುತ್ತುವುದು. ಇಡೀ ಸರಪಣಿ ಸುಮಾರು 1,130 ಪ್ರದಕ್ಷಿಣೆ ಹಾಕುವುದು. ಒಂದು ಪ್ರದಕ್ಷಿಣೆಯಲ್ಲಿ ಪ್ರತಿ ಕೀಲೂ ನಾಲ್ಕು ಸಲ ಮಡಿದು ಬಿಚ್ಚುವ ಚಲನೆಗೆ ಒಳಗಾಗುವುದು: ಎರಡು ಚಕ್ರಗಳನ್ನು ಹತ್ತುವಾಗ ಎರಡು, ಇಳಿಯುವಾಗ ಎರಡು. ಈ ಲೆಕ್ಕದಲ್ಲಿ 40,000 ಕಿ.ಮೀ. ಓಡಿದ ಗಾಡಿಯ ಒಂದೊಂದು ಕೀಲೂ ಸುಮಾರು 18 ಕೋಟಿ ಸಲ ಉಜ್ಜಿರುತ್ತದೆ.

ಇಷ್ಟಾದ ಮೇಲೆ ಪ್ರತಿ ಕೀಲಿನಲ್ಲಿ ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲು, ಎಂದರೆ 0.05 ಮಿ.ಮೀ., ಸವೆಯಿತೆನ್ನೋಣ. ಅದನ್ನು 18 ಕೋಟಿಯಿಂದ ಭಾಗಿಸಿರಿ. ಒಂದು ಉಜ್ಜುವಿಕೆಯ ಪಾಲಿಗೆ ಸರಾಸರಿ ಬರುವ ಸವಕಳಿ ಒಂದು ಕಬ್ಬಿಣದ ಪರಮಾಣುವಿನ ವ್ಯಾಸದ ಐನೂರರಲ್ಲೊಂದು ಭಾಗಕ್ಕಿಂತಲೂ ಕಡಮೆ! ಎಣ್ಣೆಯ ಪದರ ಲೋಹವನ್ನು ಅಷ್ಟು ಚೆನ್ನಾಗಿ ಕಾಪಾಡುತ್ತದೆ. ಆದರೂ 90 ಕೀಲುಗಳ ಸವಕಳಿ ಒಟ್ಟುಗೂಡಿದಾಗ ಸರಪಣಿ 4.5 ಮಿ.ಮೀ. ಉದ್ದವಾಗುವುದು. ಹನಿಗೂಡಿ ಹಳ್ಳವೆಂಬ ಮಾತು ಯಂತ್ರಗಳಿಗೂ ಸಲ್ಲುತ್ತದೆ.

ಟೆನ್ಷನರ್ ಮಾಡುವ ಕೆಲಸ

ಕ್ರ್ಯಾಂಕ್ ಸರಪಣಿಯ ಒಂದು ಪಕ್ಕವನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ಈ ಎಳೆತದ ಪಕ್ಕ ಬಿಗಿಯಾಗಿರುವುದು. ಇನ್ನೊಂದು ಪಕ್ಕ ಸಡಿಲ. ನೆಟ್ಟಗೆ ನಿಂತ ಸಿಲಿಂಡರಿನ ಬಹುಪಾಲು ಗಾಡಿಗಳಲ್ಲಿ ಸಡಿಲಪಕ್ಕ ಸಿಲಿಂಡರಿನ ಹಿಂಭಾಗದಲ್ಲಿರುವುದರಿಂದ ಟೆನ್ಷನರನ್ನು ಅಲ್ಲಿಯೇ ಕೂಡಿಸಿರುತ್ತಾರೆ. ಒಳಗೆ ಬಿಲ್ಲಿನಂತೆ ಬಾಗಿದ ಒಂದು ಪಟ್ಟಿಯುಂಟು. ಅದರ ಮುಖಕ್ಕೆ ರಬ್ಬರು ಅಥವಾ ಪ್ಲಾಸ್ಟಿಕ್ಕಿನ ಹೊದಿಕೆ. ಟೆನ್ಷನರಿನ ದೂಡುಕಡ್ಡಿ ಈ ಪಟ್ಟಿಯನ್ನು ಹಿಂದಿನಿಂದ ಒತ್ತುವುದು, ಪಟ್ಟಿ ಸರಪಣಿಯನ್ನು ಒತ್ತುವುದು. ಸರಪಣಿ ಉದ್ದವಾದಂತೆಲ್ಲ ಕಡ್ಡಿ ಮುಂದೆ ಬಂದು ಆ ಸಡಿಲನ್ನು ನುಂಗಿಕೊಳ್ಳುವುದು.

ಬರಿಯ ಸ್ಪ್ರಿಂಗೊಂದು ಇದಕ್ಕೆ ಸಾಲದೆ ಎಂದು ಕೇಳಬಹುದು. ಸಾಲದು. ಕ್ಯಾಮಿನ ಉಬ್ಬು ಕವಾಟವನ್ನು ತೆರೆಯುವಾಗ ಸ್ಪ್ರಿಂಗಿನ ವಿರುದ್ಧ ದುಡಿಯಬೇಕು. ಆಗ ಸರಪಣಿ ಕ್ಯಾಮನ್ನು ಎಳೆಯುತ್ತದೆ. ಉಬ್ಬಿನ ತುದಿ ದಾಟಿದೊಡನೆ ಅದೇ ಸ್ಪ್ರಿಂಗು ಉಬ್ಬಿನ ಇಳಿಜಾರನ್ನು ಒತ್ತಿ ಕ್ಯಾಮನ್ನು ಮುಂದಕ್ಕೆ ದೂಡುತ್ತದೆ. ಆ ಕ್ಷಣದಲ್ಲಿ ಬಿಗಿಯಾಗಿದ್ದ ಪಕ್ಕ ಸಡಿಲಾಗಿ, ಸಡಿಲಾಗಿದ್ದ ಪಕ್ಕ ಬಿಗಿಯಾಗಿ ಟೆನ್ಷನರನ್ನು ಹಿಂದಕ್ಕೆ ಗುದ್ದುವುದು. ಇಂತಹ ಗುದ್ದುಗಳು ಸೆಕೆಂಡಿಗೆ ಹತ್ತಾರು. ಆದುದರಿಂದ ಟೆನ್ಷನರ್ ಮುಂದಕ್ಕೆ ಸುಲಭವಾಗಿ ಹೋಗಬೇಕು; ಹಿಂದಕ್ಕೆ ಮಾತ್ರ ಜಗ್ಗಬಾರದು.

ಇದನ್ನು ಸಾಧಿಸಲು ಹಲವು ಉಪಾಯಗಳಿವೆ. ಅತಿ ಸರಳವಾದುದು ಕೈಯಿಂದ ತಿರುಗಿಸಿ ಬಿಗಿಮಾಡುವ ಬೋಲ್ಟು. 1969ರಲ್ಲಿ ಬಂದ ಹೋಂಡಾ ಸಿ.ಬಿ. 750 ಗಾಡಿಯಲ್ಲಿ ಬೋಲ್ಟನ್ನು ಸಡಿಲಿಸಿದಾಗ ಒಳಗಿನ ಸ್ಪ್ರಿಂಗು ತಾನೇ ಪಟ್ಟಿಯನ್ನು ಒತ್ತುತ್ತಿತ್ತು. ಅನಂತರ ಬೋಲ್ಟನ್ನು ಬಿಗಿದು ಆ ಸ್ಥಾನವನ್ನು ಕಾಯಂ ಮಾಡಬೇಕಾಗಿತ್ತು. ಈಗಿನ ಬಹುಪಾಲು ಟೆನ್ಷನರುಗಳು ತಾವಾಗಿಯೇ ಮುಂದುವರಿಯುವಂತಹವು. ಕೆಲವಕ್ಕೆ ರ್ಯಾಚೆಟ್ ಹಲ್ಲುಗಳಿವೆ. ತುಳಿಯುವುದನ್ನು ನಿಲ್ಲಿಸಿದಾಗ ಟಿಕ್‌ಟಿಕ್ ಎನ್ನುವ ಸೈಕಲ್ ಫ್ರೀವೀಲಿನ ತತ್ತ್ವವೇ ಅಲ್ಲಿಯೂ. ಕೆಲವದರಲ್ಲಿ ಸುತ್ತಿದ ಸ್ಪ್ರಿಂಗು ಒಂದು ತಿರುಪನ್ನು ತಿರುಗಿಸುತ್ತ ಕಡ್ಡಿಯನ್ನು ಹೊರದೂಡುವುದು. ತಿರುಪಿನ ಎಳೆಗಳ ಓರೆ ಬಹಳ ಕಡಮೆಯಾದುದರಿಂದ ಎದುರಿನಿಂದ ಒತ್ತಿದರೆ ಅದು ಹಿಂದಿರುಗದು. ಇನ್ನು ಕೆಲವು ಎಂಜಿನ್ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವುವು. ಒಳನುಗ್ಗಿದ ಎಣ್ಣೆಯನ್ನು ಹಿಂದಕ್ಕೆ ಬಿಡದಂತೆ ಪುಟ್ಟ ಗುಂಡೊಂದು ಕಿಂಡಿಯನ್ನು ಮುಚ್ಚಿಕೊಳ್ಳುವುದು.

ಇಲ್ಲಿ ಓದುಗರು ಒಂದು ಮುಖ್ಯ ವಿಷಯವನ್ನು ಮನಸ್ಸಿನಲ್ಲಿಡಬೇಕು. ಟೆನ್ಷನರ್ ಒತ್ತುವುದು ಸಡಿಲಪಕ್ಕವನ್ನು. ಎಳೆತದ ಪಕ್ಕ ಉದ್ದವಾದುದನ್ನು ಅದು ಸರಿಪಡಿಸಲಾರದು. ನಮ್ಮ ಉದಾಹರಣೆಯ 90 ಕೊಂಡಿಗಳಲ್ಲಿ ಸುಮಾರು 32 ಕೊಂಡಿಗಳು ಎಳೆತದ ಪಕ್ಕದಲ್ಲಿರುವುವು. ಅವುಗಳ ಸವಕಳಿ 1.6 ಮಿ.ಮೀ. ಆಯಿತು. ಕ್ಯಾಮ್ ಚಕ್ರದ ಸುತ್ತಳತೆ 34 ಕೊಂಡಿಗಳು, ಎಂದರೆ ಸುಮಾರು 216 ಮಿ.ಮೀ. ಆದುದರಿಂದ ಕ್ಯಾಮು ಸುಮಾರು 2.7 ಡಿಗ್ರಿ ಹಿಂದೆ ಬೀಳುವುದು. ಕ್ರ್ಯಾಂಕಿನ ಲೆಕ್ಕದಲ್ಲಿ ಅದು ಐದು ಡಿಗ್ರಿಗೂ ಹೆಚ್ಚು. ಕವಾಟಗಳು ಅಷ್ಟು ತಡವಾಗಿ ತೆರೆದು ತಡವಾಗಿ ಮುಚ್ಚುವುವು. ಗಾಡಿ ಮೊದಲಿನ ಚುರುಕನ್ನು ಕಳೆದುಕೊಳ್ಳುವುದು. ಟೆನ್ಷನರ್ ಸದ್ದನ್ನು ಅಡಗಿಸೀತೇ ಹೊರತು ಸರಪಣಿಗೆ ಮರಳಿ ಯೌವನವನ್ನು ಕೊಡದು.

ಟೆನ್ಷನರೇ ಸವೆದರೆ?

ಕೆಲವೊಮ್ಮೆ ಸರಪಣಿಗಿಂತ ಮೊದಲು ಟೆನ್ಷನರೇ ಸವೆಯುವುದುಂಟು. ಅಮೆರಿಕದ ಹಾರ್ಲೆ ಡೇವಿಡ್‌ಸನ್ ಸಂಸ್ಥೆ 1999ರ ಮಾದರಿಗಳಲ್ಲಿ ಬಳಕೆಗೆ ತಂದ ಟ್ವಿನ್ ಕ್ಯಾಮ್ ಎಂಜಿನು ಇದಕ್ಕೆ ಪ್ರಸಿದ್ಧ ನಿದರ್ಶನ. 1,450 ಘನ ಸೆಂ.ಮೀ. ಗಾತ್ರದ ಈ ಎಂಜಿನಿನಲ್ಲಿ ಎರಡು ಕ್ಯಾಮ್ ದಂಡಗಳು ಕೆಳಗೆ, ಕ್ರ್ಯಾಂಕಿನ ಸಮೀಪದಲ್ಲಿದ್ದುವು. ಒಂದು ಸರಪಣಿ ಕ್ರ್ಯಾಂಕಿನಿಂದ ಮೊದಲ ಕ್ಯಾಮಿಗೆ, ಇನ್ನೊಂದು ಒಂದು ಕ್ಯಾಮಿನಿಂದ ಮತ್ತೊಂದಕ್ಕೆ. ಎರಡಕ್ಕೂ ಒಂದೊಂದು ಟೆನ್ಷನರ್. ಬಲವಾದ ಸ್ಪ್ರಿಂಗು ಒಂದು ಪ್ಲಾಸ್ಟಿಕ್ ಪಾದವನ್ನು ಸರಪಣಿಯ ಮೇಲೆ ಸದಾ ಒತ್ತುತ್ತಿತ್ತು.

ಒತ್ತಡ ಹೆಚ್ಚಾದಷ್ಟೂ ತಿಕ್ಕಾಟ ಹೆಚ್ಚು. ತಿಕ್ಕಾಟ ಹೆಚ್ಚಾದಷ್ಟೂ ಸವಕಳಿ ಹೆಚ್ಚು. ಪ್ಲಾಸ್ಟಿಕ್ ಪಾದದಲ್ಲಿ ಸರಪಣಿ ಕಾಲುವೆ ಕೊರೆಯಿತು. ಕಿತ್ತುಬಂದ ಚೂರುಗಳು ಎಣ್ಣೆಯಲ್ಲಿ ಬೆರೆತು ಎಣ್ಣೆ ಪಂಪಿನ ದಾರಿ ಹಿಡಿದುವು. ಪಾದ ಪೂರ್ತಿ ಸವೆದ ಎಂಜಿನುಗಳಲ್ಲಿ ಸರಪಣಿ ಲೋಹಕ್ಕೇ ಉಜ್ಜತೊಡಗಿತು. ಒಂದೇ ತರಹದ ಗಾಡಿಗಳಲ್ಲಿ ಕೆಲವು ಬೇಗ ಸವೆದುವು, ಕೆಲವು ಬಹುಕಾಲ ಬಾಳಿದುವು. ಮುಂದೆ ಸಂಸ್ಥೆ 2006ರಲ್ಲಿ ಡೈನಾ ಮಾದರಿಗಳಿಗೂ 2007ರಲ್ಲಿ ಉಳಿದ ಟ್ವಿನ್ ಕ್ಯಾಮ್ ಮಾದರಿಗಳಿಗೂ ಎಣ್ಣೆಯ ಒತ್ತಡದ ಟೆನ್ಷನರನ್ನು ಅಳವಡಿಸಿತು. ಬಿಗಿ ಇರಬೇಕು, ಆದರೆ ಬೇಕಾದಷ್ಟೇ ಇರಬೇಕು. ಇದು ಅಲ್ಲಿ ಕಲಿತ ಪಾಠ. ಕೈಯಿಂದ ಬಿಗಿಮಾಡುವ ಟೆನ್ಷನರುಳ್ಳವರು ಸದ್ದು ಅಡಗಲೆಂದು ಬೋಲ್ಟನ್ನು ಅತಿಯಾಗಿ ತಿರುಗಿಸುವುದೂ ಇದೇ ತಪ್ಪು.

ಬದಲಾಯಿಸುವ ಹೊತ್ತು ಯಾವುದು?

“ಇಷ್ಟು ಸಾವಿರ ಕಿಲೋಮೀಟರಿಗೆ ಬದಲಾಯಿಸಿರಿ” ಎಂದು ಒಂದೇ ಅಂಕಿಯನ್ನು ಎಲ್ಲ ಗಾಡಿಗಳಿಗೂ ಹೇಳುವಂತಿಲ್ಲ. ಎಣ್ಣೆಯನ್ನು ಕಾಲಕ್ಕೆ ಸರಿಯಾಗಿ ಬದಲಾಯಿಸಿದ ಗಾಡಿ, ಬದಲಾಯಿಸದ ಗಾಡಿ. ಹೆದ್ದಾರಿಯಲ್ಲಿ ಹದವಾಗಿ ಓಡಿದುದು, ಊರೊಳಗೆ ಗಳಿಗೆಗೊಮ್ಮೆ ನಿಂತು ಹೊರಟುದು. ಇವುಗಳ ಸವಕಳಿ ಒಂದೇ ಆಗಿರದು. ತಯಾರಕರ ಕೈಪಿಡಿ ತಪಾಸಣೆಯ ಅವಧಿಯನ್ನು ಹೇಳಿದ್ದರೆ ಅದನ್ನು ಪಾಲಿಸಬೇಕು. ಅದಲ್ಲದೆ ಎಂಜಿನು ತಾನೇ ಒದಗಿಸುವ ಮೂರು ಸಾಕ್ಷ್ಯಗಳನ್ನು ವಿಚಾರಿಸಬೇಕು.

ಮೊದಲನೆಯ ಸಾಕ್ಷಿ ಸದ್ದು. ಸಡಿಲವಾದ ಸರಪಣಿ ತನ್ನ ಸುರಂಗದ ಗೋಡೆಗೆ ಬಡಿಯುತ್ತ ಗರಗರ ಎನ್ನುವುದು. ಎಂಜಿನು ನಿಧಾನವಾಗಿ ತಿರುಗುವಾಗ, ಇಲ್ಲವೆ ಓಡುತ್ತಿರುವ ಗಾಡಿಯ ಆಕ್ಸಿಲರೇಟರನ್ನು ಥಟ್ಟನೆ ಬಿಟ್ಟಾಗ, ಈ ಸದ್ದು ಎದ್ದು ಕೇಳುವುದು. ಇದನ್ನು ಟ್ಯಾಪೆಟ್ ಸದ್ದೆಂದು ತಿಳಿದು ಮೋಸಹೋಗುವವರು ಬಹಳ. ಟ್ಯಾಪೆಟ್ಟಿನದು ಗಡಿಯಾರದಂತೆ ಲಯಬದ್ಧವಾದ ಟಿಕ್‌ಟಿಕ್. ಸರಪಣಿಯದು ಲಯವಿಲ್ಲದ ಒರಟು ಸದ್ದು. ಮೆಕ್ಯಾನಿಕ್ಕರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಸಿಲಿಂಡರಿನ ಬೇರೆಬೇರೆ ಕಡೆ ಒತ್ತಿ ಹಿಡಿಕೆಗೆ ಕಿವಿಗೊಡುವುದನ್ನು ನೀವು ನೋಡಿರಬಹುದು. ವೈದ್ಯರ ಸ್ಟೆತಾಸ್ಕೋಪಿನಂತೆಯೇ ಇದು. ಘನವಸ್ತುವಿನಲ್ಲಿ ಶಬ್ದ ಚೆನ್ನಾಗಿ ಹರಿಯುವುದರಿಂದ ಸದ್ದಿನ ಮೂಲ ತಿಳಿಯುವುದು. ಹಾಗೆ ಪರೀಕ್ಷಿಸುವಾಗ ತಿರುಗುವ ಮತ್ತು ಬಿಸಿಯಾದ ಭಾಗಗಳಿಂದ ದೂರವಿರಬೇಕು.

ಎಲ್ಲ ಸದ್ದೂ ಅಪಾಯದ್ದಲ್ಲ. ಎಣ್ಣೆಯ ಒತ್ತಡದ ಟೆನ್ಷನರುಗಳಲ್ಲಿ ಮುಂಜಾನೆಯ ಮೊದಲ ಒಂದೆರಡು ಸೆಕೆಂಡು ಸದ್ದಾಗಿ, ಎಣ್ಣೆ ತಲಪಿದ ಕೂಡಲೆ ನಿಲ್ಲಬಹುದು. ರ್ಯಾಚೆಟ್ ಬಗೆಯವುಗಳಲ್ಲಿ ಮುಂದಿನ ಹಲ್ಲಿಗೆ ಜಿಗಿಯುವ ಮುನ್ನ ಕೆಲವು ದಿನ ಅಲ್ಪ ಸದ್ದಿದ್ದು ಆಮೇಲೆ ತಾನಾಗಿ ಅಡಗುವುದೂ ಉಂಟು. ಆದರೆ ಸದ್ದು ಎಂಜಿನು ಬಿಸಿಯಾದ ಮೇಲೂ ಮುಂದುವರಿದರೆ, ವಾರದಿಂದ ವಾರಕ್ಕೆ ಬೆಳೆದರೆ, ಇನ್ನು ತಡಮಾಡಬಾರದು.

ಎರಡನೆಯ ಸಾಕ್ಷಿ ದೂಡುಕಡ್ಡಿ. ಟೆನ್ಷನರನ್ನು ಬಿಚ್ಚಿ ತೆಗೆದಾಗ, ಒಳಗಿದ್ದಾಗ ಕಡ್ಡಿ ಎಷ್ಟು ಹೊರಬಂದಿತ್ತೆಂಬುದನ್ನು ನೋಡಬೇಕು. ರ್ಯಾಚೆಟ್ಟಾದರೆ ಹಲ್ಲುಗಳನ್ನು ಎಣಿಸಬಹುದು. ಇಲ್ಲಿಯೇ ಇದೆ ಈ ಯಂತ್ರಭಾಗದ ಗುಟ್ಟು: ಕಡ್ಡಿ ಎಷ್ಟು ಹೊರಬಂದಿದೆಯೋ ಅಷ್ಟು ಸರಪಣಿಯೂ ಪಟ್ಟಿಯೂ ಸವೆದಿವೆ. ಟೆನ್ಷನರ್ ಬರಿಯ ಸೇವಕನಲ್ಲ, ಸವಕಳಿಯ ಅಳತೆಗೋಲೂ ಹೌದು. ಆದರೆ ಅದು ಒಳ್ಳೆಯ ಸೇವಕನಾದುದರಿಂದಲೇ ಮೌನವಾಗಿ ಸವಕಳಿಯನ್ನು ಮುಚ್ಚಿಡುತ್ತದೆ. ಕೊನೆಯ ಹಲ್ಲಿನವರೆಗೂ ಸದ್ದು ಹೊರಡಗೊಡದು. ಆ ಹಲ್ಲು ಮುಗಿದ ಮೇಲೆ ಮುಂದೆ ಹೋಗಲು ಜಾಗವೇ ಇರುವುದಿಲ್ಲ. ಕಡ್ಡಿ ತನ್ನ ಓಟದ ಕೊನೆಗೆ ಬಂದಿದ್ದರೆ ಹೊಸ ಟೆನ್ಷನರೊಂದನ್ನೇ ಹಾಕಿ ತೃಪ್ತಿಪಡಬಾರದು. ಅದೂ ಅಷ್ಟೇ ಉದ್ದಕ್ಕೆ ಹೊರಬಂದು ನಿಲ್ಲುವುದು. ಆಗ ಸರಪಣಿ, ಪಟ್ಟಿ, ಟೆನ್ಷನರ್ ಮೂರನ್ನೂ ಬದಲಾಯಿಸಿ, ಹಲ್ಲುಚಕ್ರಗಳನ್ನೂ ಪರೀಕ್ಷಿಸಬೇಕು.

ಇದಕ್ಕೆ ವಿರುದ್ಧವಾಗಿ ಕಡ್ಡಿ ಸ್ವಲ್ಪವೇ ಹೊರಬಂದಿದ್ದು ಸದ್ದು ಜೋರಾಗಿದ್ದರೆ ತಪ್ಪು ಟೆನ್ಷನರಿನದೇ ಇರಬಹುದು. ರ್ಯಾಚೆಟ್ ಇಲ್ಲವೆ ತಿರುಪಿನ ಬಗೆಯದಾದರೆ ಕಡ್ಡಿಯನ್ನು ಬೆರಳಿನಿಂದ ಬಲವಾಗಿ ಒತ್ತಿ ನೋಡಿರಿ. ಹಿಂದೆ ಸರಿದರೆ, ಸಿಕ್ಕಿಕೊಂಡು ಮುಂದೆ ಬರದಿದ್ದರೆ, ಸ್ಪ್ರಿಂಗು ಸತ್ತಿದ್ದರೆ ಅದನ್ನು ಬದಲಾಯಿಸುವುದೇ ಸರಿ. ಹಾಳಾದುದನ್ನು ಅರದಿಂದ ಉಜ್ಜಿ, ಸ್ಪ್ರಿಂಗನ್ನು ಎಳೆದು ಉದ್ದಮಾಡಿ ಮತ್ತೆ ಹಾಕುವುದು ಉಳಿತಾಯವಲ್ಲ.

ಮೂರನೆಯ ಸಾಕ್ಷಿ ಪಟ್ಟಿ ಮತ್ತು ಎಣ್ಣೆ. ಪಟ್ಟಿಯ ಮುಖದಲ್ಲಿ ಸರಪಣಿಯ ಗುರುತು ತೆಳುವಾಗಿ ಕಾಣುವುದು ಸಹಜ. ಕಾಲುವೆ ಆಳವಾಗಿದ್ದರೆ, ಹೊದಿಕೆ ಬಿರುಕು ಬಿಟ್ಟಿದ್ದರೆ, ಶಾಖದಿಂದ ಗಡುಸಾಗಿ ಚಕ್ಕೆ ಏಳುತ್ತಿದ್ದರೆ ಅದರ ಆಯುಸ್ಸು ಮುಗಿಯಿತು. ಎಣ್ಣೆ ಬದಲಾಯಿಸುವಾಗ ಜಾಲರಿಯಲ್ಲಿ ಕಪ್ಪು ರಬ್ಬರಿನ ಇಲ್ಲವೆ ಪ್ಲಾಸ್ಟಿಕ್ಕಿನ ಚೂರುಗಳು ಸಿಕ್ಕಿದರೆ, ಸದ್ದಿರಲಿ ಇಲ್ಲದಿರಲಿ, ಒಳಗೆ ನೋಡಲೇಬೇಕು.

ಹಲ್ಲು ಜಾರಿದರೆ ಏನಾಗುವುದು?

ಸಡಿಲು ಮಿತಿಮೀರಿದಾಗ ಸರಪಣಿ ಹಲ್ಲನ್ನು ಹಾರುವುದು. ಕ್ಯಾಮ್ ಚಕ್ರದ 34 ಹಲ್ಲುಗಳಲ್ಲಿ ಒಂದು ಜಾರಿದರೆ ಕ್ಯಾಮು 10 ಡಿಗ್ರಿಗೂ ಹೆಚ್ಚು, ಕ್ರ್ಯಾಂಕಿನ ಲೆಕ್ಕದಲ್ಲಿ 21 ಡಿಗ್ರಿ, ತಪ್ಪಿಹೋಗುವುದು. ಅಷ್ಟಕ್ಕೆ ಎಂಜಿನು ಶಕ್ತಿಗುಂದಿ ಮುಗ್ಗರಿಸಬಹುದು. ಎರಡು ಮೂರು ಹಲ್ಲು ಜಾರಿದರೆ, ಪಿಸ್ಟನ್ನು ಮೇಲೆ ಬರುವ ಹೊತ್ತಿಗೆ ಮುಚ್ಚಿರಬೇಕಾದ ಕವಾಟ ಇನ್ನೂ ತೆರೆದೇ ಇರುವುದು. ಪಿಸ್ಟನ್ನಿಗೆ ಕಾಯುವ ವ್ಯವಧಾನವಿಲ್ಲ. ಕವಾಟಕ್ಕೆ ಓಡಿಹೋಗಲು ಸ್ಥಳವಿಲ್ಲ. ಲಾರಿಗಳ ನಡುವೆಯೋ ಘಟ್ಟದ ತಿರುವಿನಲ್ಲಿಯೋ ಎಂಜಿನು ಹೀಗೆ ಹಠಾತ್ತನೆ ನಿಂತರೆ ನಷ್ಟ ಯಂತ್ರಕ್ಕೆ ಮಾತ್ರವೆಂದು ಹೇಳಲಾಗದು.

ಕೈ ಹಾಕುವ ಮುನ್ನ

ವಿದ್ಯಾರ್ಥಿಗಳು ಈ ಕೆಲಸವನ್ನು ಮೊದಲ ಬಾರಿ ಅನುಭವಸ್ಥರ ಎದುರಿನಲ್ಲಿಯೇ ಮಾಡಬೇಕು. ಟೆನ್ಷನರನ್ನು ಬಿಚ್ಚುವ ಮುನ್ನ ಎಂಜಿನು ಪೂರ್ತಿ ತಣಿದಿರಬೇಕು. ಕ್ರ್ಯಾಂಕನ್ನು ತಿರುಗಿಸಿ, ಪಿಸ್ಟನ್ನು ಅದುಮುವ ನಡೆಯ ತುದಿಯಲ್ಲಿರುವಂತೆ ಗುರುತುಗಳನ್ನು ಹೊಂದಿಸಿಕೊಳ್ಳಬೇಕು. ಟೆನ್ಷನರ್ ಹೊರಗಿರುವಾಗ ಕಿಕ್ಕರನ್ನಾಗಲಿ ಹಿಂದಿನ ಚಕ್ರವನ್ನಾಗಲಿ ತಿರುಗಿಸಬಾರದು. ಹಿಡಿತವಿಲ್ಲದ ಸರಪಣಿ ಆಗಲೇ ಹಲ್ಲು ಜಾರೀತು. ತನ್ನಷ್ಟಕ್ಕೆ ಮುಂದುವರಿಯುವ ಟೆನ್ಷನರಿನ ಕಡ್ಡಿಯನ್ನು ಹಿಂದಕ್ಕೆ ಸೇರಿಸಿ, ಭಾಗವನ್ನು ಕೂರಿಸಿ, ಆಮೇಲೆ ಕಡ್ಡಿಯನ್ನು ಬಿಡಬೇಕು. ಹೊರಬಂದ ಕಡ್ಡಿಯನ್ನು ಹಾಗೆಯೇ ಒತ್ತಿ ಬೋಲ್ಟಿನಿಂದ ಬಿಗಿದರೆ ಸರಪಣಿ ಅತಿಯಾಗಿ ಬಿಗಿದುಕೊಳ್ಳುವುದು, ಇಲ್ಲವೆ ಟೆನ್ಷನರೇ ಮುರಿಯುವುದು. ಕೊನೆಗೆ ಕ್ರ್ಯಾಂಕನ್ನು ಅದು ತಿರುಗುವ ದಿಕ್ಕಿನಲ್ಲಿಯೇ ಕೈಯಿಂದ ಎರಡು ಪೂರ್ಣ ಸುತ್ತು ನಿಧಾನವಾಗಿ ತಿರುಗಿಸಿ, ಎಲ್ಲಿಯೂ ತಡೆಯಿಲ್ಲವೆಂದೂ ಗುರುತುಗಳು ಮತ್ತೆ ಕೂಡಿದುವೆಂದೂ ಖಚಿತ ಮಾಡಿಕೊಂಡ ಮೇಲೆಯೇ ಎಂಜಿನನ್ನು ಚಾಲೂ ಮಾಡಬೇಕು.

ಇವೆಲ್ಲಕ್ಕಿಂತ ಸುಲಭವಾದ ಎಚ್ಚರಿಕೆಯೊಂದಿದೆ: ಎಣ್ಣೆ. 18 ಕೋಟಿ ಉಜ್ಜುವಿಕೆಗಳನ್ನು ತಡೆದುಕೊಳ್ಳುವ ಶಕ್ತಿ ಕೀಲುಗಳಿಗೆ ಬರುವುದು ಅದರಿಂದಲೇ. ಮಸಿಗಟ್ಟಿದ ಎಣ್ಣೆಯಲ್ಲಿ ತೇಲುವ ಕಸ ಸಾಣೆಯ ಪುಡಿಯಂತೆ ಪಿನ್ನುಗಳನ್ನು ಅರೆಯುವುದು.

ನಾವು ಮೊದಲು ಹೇಳಿದ ವಿದ್ಯಾರ್ಥಿಯ ಗಾಡಿ ಎಂಟು ದಿನ ಗ್ಯಾರೇಜಿನಲ್ಲಿತ್ತು. ಆ ಎಂಟು ದಿನವೂ ಅವನ ತಂದೆ ಹಾಲಿನ ಕ್ಯಾನನ್ನು ನೆರೆಯವರ ಗಾಡಿಯಲ್ಲಿ ಕಳುಹಿಸಿದರು. ಕೆಲವು ನೂರು ರೂಪಾಯಿಗಳಲ್ಲಿ ಮುಗಿಯಬಹುದಾಗಿದ್ದ ಕೆಲಸ ಸಾವಿರಗಳಿಗೆ ಏರಿತು. ಗಾಡಿಯನ್ನು ಒಪ್ಪಿಸುವಾಗ ಮೆಕ್ಯಾನಿಕ್ಕನು ಬಾಗಿದ ಕವಾಟವೊಂದನ್ನು ಬಟ್ಟೆಯಲ್ಲಿ ಒರಸಿ ಹುಡುಗನ ಕೈಗಿತ್ತನು.

“ಇದನ್ನ ಮನೇಲಿ ಇಟ್ಕೊ ತಮ್ಮಾ. ಗಾಡಿ ಓಡ್ತಿದೆ ಅಂದ್ರೆ ಚೆನ್ನಾಗಿದೆ ಅಂತಲ್ಲ.”

ಹುಡುಗನು ಕವಾಟವನ್ನು ಜೇಬಿಗೆ ಹಾಕಿಕೊಂಡನು. ಎಂಜಿನನ್ನು ಚಾಲೂ ಮಾಡಿದವನು ಒಡನೆ ಹೊರಡಲಿಲ್ಲ. ತಲೆಯನ್ನು ಒಂದು ಕಡೆಗೆ ವಾಲಿಸಿ, ಸಿಲಿಂಡರಿನ ಕಡೆಗೆ ಕಿವಿಗೊಟ್ಟು, ಒಂದು ನಿಮಿಷ ಸುಮ್ಮನೆ ಕೇಳಿದನು. ಆಮೇಲೆ ಗೇರು ಹಾಕಿದನು.